ಎದ್ದರೆ ಹೊರಟಂತೆ

ಕಳೆದ ವಾರ ಕುವೆಂಪುನಗರದ ಔಷಧಿ ಅಂಗಡಿಯೊಂದರ ಮುಂದೆ ಮಳೆಗೆ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸಿನ ರೈನ್‌ಕೋಟಿನಿಂದ ನೀರು ಇಳಿಯುತ್ತಿತ್ತು. ಅವರ ಮೈಯಿಂದಲೋ ಕೈಚೀಲದಿಂದಲೋ ನೋವಿನ ಎಣ್ಣೆಯ ವಾಸನೆ ಬಂತು. ಎಳ್ಳೆಣ್ಣೆ, ಕರ್ಪೂರ, ಒದ್ದೆ ರೆಕ್ಸಿನ್ನು. ಆ ವಾಸನೆಗೆ ನನಗೆ ಆ ವರ್ಷದ ಮಳೆಗಾಲ ನೆನಪಾಯಿತು ಎಂದು ಬರೆದರೆ ಓದುವವರಿಗೆ ಅನುಕೂಲ. ಆದದ್ದು ಹಾಗಲ್ಲ. ನಾನು ಆಗಲೇ ಸೊಂಟದ ಮೇಲೆ ಎರಡೂ ಕೈಯಿಟ್ಟು ಹಿಂದಕ್ಕೆ ಬಾಗಿ ನಿಂತಿದ್ದೆ. ನೆನಪು ಮೊದಲು ಬೆನ್ನಿಗೆ ಬಂದಿತ್ತು. ಮಳೆಗಾಲ ಆಮೇಲೆ ಬಂತು, ಅದೂ ತುಂಡು ತುಂಡಾಗಿ.

ಇಡಿಯಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೆ ನನ್ನ ಕಸುಬು ಕಾರಣ. ವಿಡಿಯೊಗಳ ಕೆಳಗೆ ಸಾಲುಸಾಲಾಗಿ ಮಾತು ಅಕ್ಷರದಲ್ಲಿ ಬರುತ್ತದಲ್ಲ, ಅದನ್ನು ನನ್ನಂಥವರು ಕೂತು ಬರೆಯುತ್ತೇವೆ. ಕೆಲವು ಸಲ ಮೊದಲ ಕರಡನ್ನು ಯಂತ್ರ ಬರೆದುಕೊಡುತ್ತದೆ, ನಾವು ಕೇಳಿ ಕೇಳಿ ತಿದ್ದುತ್ತೇವೆ. ಯಂತ್ರಕ್ಕೆ ಬೆನ್ನು ಎಂಬುದು ಬೆಣ್ಣೆ ಎಂದು ಕೇಳಿಸುತ್ತದೆ. ನಮಗೂ ಕೇಳಿಸದಿದ್ದರೆ (ಅಸ್ಪಷ್ಟ) ಎಂದು ಹಾಕಿ ಮುಂದಕ್ಕೆ ಹೋಗಬೇಕು. ಊಹೆಯಿಂದ ತುಂಬಬಾರದು ಎಂಬುದು ನಿಯಮ. ಜನ ತಮ್ಮ ಹಳೆಯ ದಿನಗಳನ್ನು ಹೇಳುವಾಗ ಎಲ್ಲಿಯೂ (ಅಸ್ಪಷ್ಟ) ಇರುವುದಿಲ್ಲ. ಯಾರು ಏನೆಂದರು, ಆಗ ಆಕಾಶ ಹೇಗಿತ್ತು, ಎಲ್ಲವೂ ಸ್ಪಷ್ಟ. ನನಗೆ ಆ ಮಳೆಗಾಲದ ಆಕಾಶ ನೆನಪಿಲ್ಲ. ನಾನು ಅದನ್ನು ನೋಡಿರಲಿಲ್ಲ.

ಅದಕ್ಕೆ ಹಿಂದಿನ ವರ್ಷದವರೆಗೆ ನಮಗೊಂದು ಆಫೀಸಿತ್ತು. ಊರ ಹೊರಗಿನ ಕಟ್ಟಡವೊಂದರ ಎರಡನೇ ಮಹಡಿ. ಸಾಲಾಗಿ ಕೂತು ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಿದ್ದೆವು, ಮಾತು ಇರಲಿಲ್ಲ. ಆದರೂ ಟೀ ಬಂದಾಗ ಯಾರೋ ಭುಜ ತಟ್ಟುತ್ತಿದ್ದರು. ಒಂದು ದಿನ ಆಫೀಸ್ ಮುಚ್ಚಿ, ಇನ್ನು ಮೇಲೆ ಮನೆಯಿಂದಲೇ ಮಾಡಿ ಎಂದರು. ಜನರೆಲ್ಲ ಅವರವರ ಊರಿಗೆ ಹೋದರು. ನನಗೆ ಹೋಗಲು ಬೇರೆ ಊರಿರಲಿಲ್ಲ. ನಲವತ್ತು ದಾಟಿತ್ತು, ಮದುವೆ ಎಂಬುದು ಆಗಿ ಮುಗಿದೂ ಹೋಗಿತ್ತು. ಕುವೆಂಪುನಗರದಲ್ಲಿ ಒಂದು ಮನೆಯ ಮೇಲಿನ ಪೋರ್ಷನ್ ಬಾಡಿಗೆಗೆ ನೋಡಿದೆ.

ಮನೆಯೊಡತಿ ರತ್ನಮ್ಮ. ಅರವತ್ತು ದಾಟಿದವರು, ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಯಜಮಾನರು ಜಗಲಿಯಲ್ಲಿ ಪೇಪರ್ ಹಿಡಿದಿದ್ದರು, ಮಾತೆಲ್ಲ ರತ್ನಮ್ಮನವರದೇ.

“ಒಬ್ಳೇನಾ?”

“ಒಬ್ಳೇ ಅಮ್ಮ.”

“ಹುಷಾರು ತಪ್ಪಿದ್ರೆ ಯಾರ್ ನೋಡ್ಕತಾರೆ? ನಿನಗಿಂತ ಮುಂಚೆ ಒಬ್ರು ಮೇಷ್ಟ್ರಿದ್ರು, ಪಾಪ. ಆಸ್ಪತ್ರೆಗೂ ನಾವೇ, ಗಂಜಿಗೂ ನಾವೇ. ಕೊನೆಗೆ ಅವರ ತಂಗಿ ಬಂದು ಸರಿಯಾಗಿ ನೋಡ್ಕಳ್ನಿಲ್ಲ ಅಂತ ನಮ್ಮನ್ನೇ ಬೈದ್ಬುಟ್ಟು ಹೋದ್ಲು. ಇನ್ನು ನಮ್ ಕೈಲಾಗಲ್ಲ ಕಣಮ್ಮ. ಆರೋಗ್ಯ ನೆಟ್ಟಗಿರೋರೇ ಬೇಕು.”

“ನಾನು ಗಟ್ಟಿಮುಟ್ಟಾಗಿದೀನಿ. ನೆಗಡೀನೂ ಬರಲ್ಲ ನಂಗೆ.”

“ನೆಗಡಿ ಬಂದ್ರೆ ಬರ್ಲಿ ಬುಡು” ಎಂದು ಬೀಗದ ಕೈ ಕೊಟ್ಟರು.

ಮೇಲೆ ಹೋಗಿ ಮೊದಲು ಮೇಜು ಹಾಕಿದೆ. ಕಿಟಕಿಗೆ ಬೆನ್ನು ಮಾಡಿ ಕೂತರೆ ಕಂಪ್ಯೂಟರ್ ಪರದೆಯ ಮೇಲೆ ಬೆಳಕು ಬೀಳುತ್ತಿತ್ತು, ಎದುರಾಗಿ ಕೂತರೆ ಕಣ್ಣು ಕುಕ್ಕುತ್ತಿತ್ತು. ಗೋಡೆಗೆ ಮುಖ ಮಾಡಿ ಕೂತೆ. ಬೆಳಿಗ್ಗೆ ಕೂತರೆ ಸಂಜೆ. ಊಟ ಕೀಬೋರ್ಡಿನ ಪಕ್ಕದಲ್ಲೇ. ದಿನವಿಡೀ ಕಿವಿಯೊಳಗೆ ಮಾತು: ಹೈನುಗಾರಿಕೆಯ ಸಲಹೆ, ಮಕ್ಕಳ ಪಾಠ, ಮನೆ ಕಟ್ಟುವ ವಿವರ. ಸಂಜೆ ಹೆಡ್‌ಫೋನ್ ತೆಗೆದರೆ ಕೋಣೆ ತಟ್ಟನೆ ಖಾಲಿಯಾಗುತ್ತಿತ್ತು. ಆ ದಿನ ನಾನು ಒಂದು ಮಾತೂ ಆಡಿಲ್ಲ ಎಂಬುದು ಆಗ ಹೊಳೆಯುತ್ತಿತ್ತು. ಪರೀಕ್ಷೆಗೆಂಬಂತೆ “ಹಲೋ” ಎಂದು ನೋಡಿದರೆ ಗಂಟಲು ಕಟ್ಟಿರುತ್ತಿತ್ತು.

ಜ್ಯೇಷ್ಠದಲ್ಲೋ ಏನೋ, ಒಬ್ಬ ವೈದ್ಯರ ಮಾಲಿಕೆ ನನ್ನ ಪಾಲಿಗೆ ಬಂತು. ಗಂಟೆಗಟ್ಟಲೆ ಕೂತು ಕೆಲಸ ಮಾಡುವವರು ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ವಿಷಯ. ಆತನದು ತುಂಬುಕಂಠ. ಪರದೆ ಕಣ್ಣಿನ ಮಟ್ಟಕ್ಕಿರಲಿ. ಪಾದ ನೆಲಕ್ಕೆ ತಾಗಿರಲಿ. ಆಗಾಗ ದೂರದ ವಸ್ತುವೊಂದನ್ನು ನೋಡಿ. ನೀರಿನ ಬಾಟಲಿಯನ್ನು ಕೈಗೆಟುಕದ ಕಡೆ ಇಡಿ, ಆಗ ಏಳುತ್ತೀರಿ. “ಸ್ನೇಹಿತರೇ, ಈಗ ಎಲ್ಲಿದ್ದೀರೋ ಅಲ್ಲೇ ಎದ್ದು ನಿಲ್ಲಿ!” ಎಂದು ಪ್ರತಿ ಕಂತಿನಲ್ಲೂ ಹೇಳುತ್ತಿದ್ದರು. ನಾನು ಕೂತು “ಎದ್ದು ನಿಲ್ಲಿ” ಎಂದು ಟೈಪ್ ಮಾಡುತ್ತಿದ್ದೆ. ಎದ್ದರೆ ಕೈ ಕೀಬೋರ್ಡಿಗೆ ಎಟುಕುತ್ತಿರಲಿಲ್ಲ.

ಆ ಮಾಲಿಕೆ ಮುಗಿಯುವಷ್ಟರಲ್ಲಿ ನನ್ನ ಬಲಗಾಲಿನಲ್ಲಿ ಜೋಮು ಶುರುವಾಗಿತ್ತು. ಸೊಂಟದಿಂದ ಹೊರಟು ತೊಡೆಯ ಹಿಂಬದಿಯಲ್ಲಿ ಇಳಿದು ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ. ಮುಖ್ಯರಸ್ತೆಯ ಮೇಲಿನ, ನೋವಿನ ಎಣ್ಣೆಯ ವಾಸನೆ ತುಂಬಿದ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಆಯಿಷಾ ಎಂಬ ಹುಡುಗಿ, ರಾಜೀವನಗರದಿಂದ ಸ್ಕೂಟರಿನಲ್ಲಿ ಬರುವವಳು, ಯಾವಾಗಲೂ ಒದ್ದೆ ರೈನ್‌ಕೋಟನ್ನು ಬಾಗಿಲ ಹಿಂದೆ ನೇತುಹಾಕುತ್ತಲೇ ಮಾತು ಶುರು ಮಾಡುತ್ತಿದ್ದಳು.

“ಮೇಡಂ, ನಿಮ್ದು ಕಾಯ್ಲೆ ಅಲ್ಲ, ಕುರ್ಚಿ. ಅರ್ಧ ಗಂಟೆಗೊಂದ್ಸಲ ಎದ್ಬಿಡ್ಬೇಕು. ಯಾರ ಮುಂದೆ ಇದ್ರೂ, ಏನ್ ಮಾಡ್ತಿದ್ರೂ. ಎದ್ದು ನಾಲ್ಕು ಹೆಜ್ಜೆ ಓಡಾಡಿ. ಇಲ್ಲ ಅಂದ್ರೆ ಈ ನರ ಹಿಂಗೇ ಒತ್ಕೊಂಡು ಒಂದಿನ ಏಳಕ್ಕೇ ಆಗಲ್ಲ.”

“ಏಳ್ತೀನಿ.”

“ಮನೇಲಿ ಯಾರಿದಾರೆ? ಈ ವ್ಯಾಯಾಮ ಮಾಡುವಾಗ ಬೆನ್ನು ನೆಟ್ಟಗಿದ್ಯಾ ಅಂತ ಹಿಂದಿನಿಂದ ಯಾರಾದ್ರೂ ನೋಡ್ಬೇಕು.”

“ಗೋಡೆ ಇದೆ.”

ಅವಳು ನಕ್ಕಳು. ನಾನೂ ನಕ್ಕೆ. ಆ ವಾರ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೊಂದೇ ಸಲ ಇರಬೇಕು. ಹೀಗೆ ಬರೆಯುವಾಗ ನನ್ನನ್ನು ನಾನೇ ಅಯ್ಯೋ ಪಾಪ ಅಂದುಕೊಳ್ಳುತ್ತಿದ್ದೇನೆ ಅನಿಸುತ್ತದೆ. ಹಾಲಿನವನ ಜೊತೆಗೂ ನಕ್ಕಿರಬಹುದು.

ಫೋನಿನಲ್ಲಿ ಅರ್ಧ ಗಂಟೆಗೊಮ್ಮೆ ನಡುಗುವ ಹಾಗೆ ಅಲಾರಂ ಇಟ್ಟೆ. ನಡುಗಿದಾಗೆಲ್ಲ ಎದ್ದು ಕೋಣೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆದೆ. ಮೇಜಿನ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ ಮಗುಚಿ ಪರದೆ ಎತ್ತರಿಸಿದೆ, ನೀರಿನ ಬಾಟಲಿಯನ್ನು ಅಡುಗೆಮನೆಯಲ್ಲಿಟ್ಟೆ. ಕಾಲಿನ ಜೋಮು ಇಳಿಯತೊಡಗಿತು. ಎರಡು ವಾರ ಕಳೆದಿರಬೇಕು, ರತ್ನಮ್ಮ ಮೆಟ್ಟಿಲ ಬುಡದಿಂದ ಕೂಗಿದರು. ಅವರ ಮಂಡಿ ಸವೆದಿತ್ತು, ಮೇಲೆ ಹತ್ತುತ್ತಿರಲಿಲ್ಲ.

“ಭಾರತೀ! ಅವಾಗವಾಗ ಅದೇನು ಅಡ್ಡಾಡ್ತೀಯೆ? ನಮ್ ಸೂರಿನ ಮೇಲೆ ಪೊಲೀಸ್ನೋರು ಪಹರೆ ತಿರುಗ್ದಂಗಾಯ್ತದೆ. ಏನ್ ಚಿಂತೆ?”

“ಚಿಂತೆ ಏನಿಲ್ಲಮ್ಮ. ಸುಮ್ನೆ.”

“ಸುಮ್ನೆ ಯಾರಾದ್ರೂ ಅಡ್ಡಾಡ್ತಾರಾ? ಒಬ್ಳೇ ಇದ್ರೆ ಇಂಗೇ ಆಗದು. ಶುಕ್ರವಾರ ಸಾಯಂಕಾಲ ಕೆಳಗೆ ಬಾ. ಸೊಸೆ ಬೆಟ್ಟಕ್ಕೆ ಹೋಯ್ತಾಳೆ, ನಂಗೆ ಮೆಟ್ಲು ಹತ್ತಕ್ಕಾಗಲ್ಲ. ಮನೇಲೇ ಪೂಜೆ. ಕಾಫಿ ಕುಡ್ಕೊಂಡು ಮಾತಾಡವ.”

ಆಷಾಢದ ಶುಕ್ರವಾರ. ಊರಿಗೆ ಊರೇ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿದ್ದ ದಿನ ನಾನು ಒಂದು ಮಹಡಿ ಕೆಳಗಿಳಿದೆ. ಎಷ್ಟು ಕಾತರವಿತ್ತೆಂದರೆ ಸೀರೆ ಉಟ್ಟಿದ್ದೆ. ಆ ಮಳೆಗಾಲದಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ: ಕರೆಯದಿದ್ದರೂ ಹೋಗಿ, ಹೊತ್ತು ಮುಳುಗುವವರೆಗೆ ಮಾತಾಡುತ್ತ ಕೂರಬಹುದಾದ ಒಂದು ಮನೆ. ಅದು ಸಿಕ್ಕಿತು ಅಂದುಕೊಂಡೆ.

ರತ್ನಮ್ಮನವರ ಸೋಫಾ ಕೂತರೆ ಒಳಕ್ಕೆ ಎಳೆದುಕೊಳ್ಳುವಂಥದ್ದು. ಕಾಫಿ ಬಂತು, ಕೋಡುಬಳೆ ಬಂತು. ಅವರು ಮದುವೆಯಾಗಿ ಮೈಸೂರಿಗೆ ಬಂದ ಹೊಸತರಲ್ಲಿ ಒಂದೇ ಕೋಣೆಯ ವಠಾರದ ಮನೆಯಲ್ಲಿದ್ದ ಕಥೆ ತೆಗೆದರು.

“ಇವರು ಬೆಳಿಗ್ಗೆ ಹೋದ್ರೆ ಕತ್ಲಿಗೆ ಬರೋರು. ಅಕ್ಕಪಕ್ಕದೋರ ಸಿಟಿ ಮಾತು ನಂಗೆ ಬರ್ತಿರ್ಲಿಲ್ಲ, ನನ್ ಮಾತು ಕೇಳಿ ಅವರು ನಗೋರು. ಯಾರ್ ತಾವ ಮಾತಾಡದು? ಒಲೆ ತಾವ ಮಾತಾಡ್ತಿದ್ದೆ ಕಣಮ್ಮ. ಒಂದಿನ ಏನಾಯ್ತು ಅಂದ್ರೆ...”

ಸೆರಗಿನೊಳಗೆ ಫೋನ್ ನಡುಗಿತು. ನಾನು ಎದ್ದು ನಿಂತೆ.

ಯಾರ ಮುಂದೆ ಇದ್ದರೂ ಏಳಬೇಕು ಎಂದಿದ್ದಳಲ್ಲ ಆಯಿಷಾ. ಕೇಳುತ್ತಲೇ ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರುವುದು ನನ್ನ ಲೆಕ್ಕ. ರತ್ನಮ್ಮನವರ ಮಾತು ಅಲ್ಲಿಗೇ ನಿಂತಿತು. ಮಂಡಿಯ ಮೇಲೆ ಕೈಯೂರಿ ಎದ್ದರು. “ಇರು, ಬಂದೆ” ಎಂದು ಒಳಗೆ ಹೋಗಿ ತಟ್ಟೆ ತಂದರು. ಅರಿಶಿನ, ಕುಂಕುಮ, ಎಲೆ ಅಡಿಕೆ, ಎರಡು ಬಾಳೆಹಣ್ಣು.

ಕುಂಕುಮ ಕೊಡುವುದು ಹೊರಟವರಿಗೆ. ಅದನ್ನು ಹಣೆಗಿಟ್ಟುಕೊಂಡ ಮೇಲೆ ಮತ್ತೆ ಹೋಗಿ ಸೋಫಾದಲ್ಲಿ ಕೂರುವ ಹೆಂಗಸನ್ನು ನಾನು ಈ ಊರಿನಲ್ಲಿ ಕಂಡಿಲ್ಲ. “ನಾನು ಹೊರಟಿಲ್ಲ, ನನ್ನ ಬೆನ್ನು ಹೊರಟಿದೆ” ಎಂದು ಹೇಳಬಹುದಿತ್ತು. ಹೇಳಿದರೆ ಬೆನ್ನಿಗೇನಾಗಿದೆ ಎಂದು ಕೇಳುತ್ತಾರೆ. ಮೇಷ್ಟ್ರು, ಆಸ್ಪತ್ರೆ, ಗಂಜಿ. ಬೆರಳ ತುದಿಯಲ್ಲಿ ಕುಂಕುಮ ತೆಗೆದುಕೊಂಡು ಮೇಲೆ ಬಂದೆ. ಒಂದು ದಿನ ಏನಾಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮತ್ತೊಮ್ಮೆಯೂ ಹಾಗೇ ಆಯಿತು. ಮೂರು ಸಲ ಎಂದು ಬರೆದರೆ ಕಥೆಯಂತೆ ಕೇಳುತ್ತದೆ, ಹಾಗಾಗಿ ಎಷ್ಟು ಸಲವೆಂದು ಬರೆಯುವುದಿಲ್ಲ. ಒಂದು ಸಲ ನಾನು ಏಳುವ ಮೊದಲೇ ತಟ್ಟೆ ಟೀಪಾಯಿಯ ಮೇಲೆ ಸಿದ್ಧವಾಗಿತ್ತು. ಇನ್ನೊಂದು ಸಲ ಎದುರು ಮನೆಯ ಹೆಂಗಸೊಬ್ಬರೂ ಬಂದಿದ್ದರು. ನಾನು ಎದ್ದ ಕೂಡಲೇ ರತ್ನಮ್ಮ ಅವರ ಕಡೆ ತಿರುಗಿ, “ಇವಳು ಸಿಟಿ ಬಸ್ಸಿದ್ದಂಗೆ ಕಣ್ರೀ, ಸ್ಟಾಪಲ್ಲಿ ಅಷ್ಟೊತ್ತೇ ನಿಲ್ಲದು” ಎಂದರು. ಅವರು ನಕ್ಕರು. ರತ್ನಮ್ಮ ನಗಲಿಲ್ಲ. “ನಮ್ಮನೆ ಸೋಫಾದಲ್ಲಿ ಮುಳ್ಳೈತೇನೋ, ಯಾರಿಗ್ ಗೊತ್ತು” ಎಂದು ಸೇರಿಸಿದರು. ಆ ಮಾತಿನಲ್ಲಿ ಸಿಟ್ಟಿತ್ತೋ ನೋವಿತ್ತೋ (ಅಸ್ಪಷ್ಟ).

ಅಂದಿನಿಂದ ಮೆಟ್ಟಿಲ ಬುಡದಿಂದ ಕೂಗು ಬರಲಿಲ್ಲ.

ಆಯಿಷಾಳಿಗೆ ಹೇಳಿದೆ. ಅವಳು ಮೇಲೆತ್ತಿದ್ದ ನನ್ನ ಕಾಲನ್ನು ಹಾಗೇ ಹಿಡಿದು ವ್ಯಾಯಾಮ ನಿಲ್ಲಿಸಿಯೇ ಬಿಟ್ಟಳು. “ಅಯ್ಯೋ ಮೇಡಂ, ಬೆನ್ನು ನೋವು ಅಂತ ಹೇಳ್ಬಿಡಿ. ಅದರಲ್ಲೇನಿದೆ?”

“ಮನೆ ಹೋಗತ್ತೆ.”

“ಮನೆ ಇಲ್ಲ ಅಂದ್ರೆ ಇನ್ನೊಂದು ಮನೆ. ಬೆನ್ನು ಒಂದೇ ಅಲ್ವಾ ಇರೋದು?”

ಅವಳ ಮಾತು ಸರಿಯಾಗಿತ್ತು. ಆದರೆ ಒಂಟಿ ಹೆಂಗಸಿಗೆ ಇನ್ನೊಂದು ಮನೆ ಹುಡುಕುವುದೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಡ. ಅದಕ್ಕಿಂತ ಹೆಚ್ಚಾಗಿ, ನನಗೆ ಇನ್ನೊಂದು ಮನೆ ಬೇಕಿರಲಿಲ್ಲ. ಕೆಳಗಿನ ಮನೆ ಬೇಕಿತ್ತು.

ಮಳೆ ಹಿಡಿದ ದಿನಗಳು. ಕೆಲಸದ ನಡುವೆ ಹೆಡ್‌ಫೋನ್ ತೆಗೆದು ಎದ್ದು ನಡೆಯುವಾಗ ನೆಲದಡಿಯಿಂದ ಮಾತು ಕೇಳುತ್ತಿತ್ತು. ಶಬ್ದ ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ. ನಾನು ಹೆಜ್ಜೆ ಹಗುರ ಮಾಡಿಕೊಂಡೆ. ಪ್ರತಿ ಹೆಜ್ಜೆಯೂ ಕೆಳಗಿನವರಿಗೆ “ನನಗೆ ಪುರಸೊತ್ತಿಲ್ಲ” ಎಂದು ಕೇಳುತ್ತಿರಬಹುದು ಅನಿಸಿತು. ಆಮೇಲೆ ಕೆಲವು ಸಲ ಏಳುವುದನ್ನೇ ಬಿಟ್ಟೆ. ಜೋಮು ಮತ್ತೆ ತೊಡೆಗೆ ಇಳಿಯಿತು.

ಶ್ರಾವಣ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವರು ಹಿಂದೆ ಕೋಡುಬಳೆ ಹಾಕಿಕೊಟ್ಟಿದ್ದ ಸ್ಟೀಲಿನ ಡಬ್ಬಿ ಹಿಂದಿರುಗಿಸುವ ನೆಪ ಮಾಡಿಕೊಂಡು ನಾನೇ ಕೆಳಗೆ ಹೋದೆ. ಫೋನನ್ನು ಮೇಲೆಯೇ ಬಿಟ್ಟಿದ್ದೆ. ರತ್ನಮ್ಮ ಅವರೆಕಾಳು ಬಿಡಿಸುತ್ತಿದ್ದರು ಎಂದು ಬರೆಯಹೊರಟೆ. ಶ್ರಾವಣದಲ್ಲಿ ಅವರೆಕಾಳು ಎಲ್ಲಿ ಬರಬೇಕು? ಏನನ್ನೋ ಬಿಡಿಸುತ್ತಿದ್ದರು. ನಾನೂ ಎದುರು ಕೂತು ಬಿಡಿಸಿದೆ. ಅರ್ಧ ಗಂಟೆ ಆಗಿರಬೇಕು. ಅವರು ಓರೆಗಣ್ಣಿನಲ್ಲಿ ನೋಡಿದರು. ನಾನು ಏಳಲಿಲ್ಲ. ಇನ್ನಷ್ಟು ಹೊತ್ತಾಯಿತು.

“ಇವತ್ತು ಬಸ್ ಕೆಟ್ಟು ನಿಂತ್ಬುಟ್ಟೈತಾ?” ಎಂದರು.

“ನಿಂತಿದೆ.”

ಅವರ ಮುಖ ಸಡಿಲವಾಯಿತು. ಮಾತು ಬಂತು. ಸೊಸೆ ಸಾರಿಗೆ ಹಾಕುವ ಬೆಲ್ಲ, ಎದುರು ಮನೆಯವರ ನಾಯಿ, ಯಜಮಾನರ ಗೊರಕೆ. ನಾನು ಆಫೀಸಿನಲ್ಲಿ ಬೆನ್ನು ಬೆಣ್ಣೆಯಾದ ಕಥೆ ಹೇಳಿದೆ, ಬೆನ್ನು ಎಂಬ ಮಾತನ್ನು ಮಾತ್ರ ಬದಲಿಸಿ. ಬಲಗಾಲು ಬೆಂಕಿಯಾಗಿ, ಆಮೇಲೆ ಕಲ್ಲಾಗಿ, ಆಮೇಲೆ ಇಲ್ಲವೇ ಇಲ್ಲದಂತಾಯಿತು. ದೀಪ ಹಚ್ಚುವ ಹೊತ್ತಿನವರೆಗೆ ಕೂತೆ. ಆ ವರ್ಷದ ಅತ್ಯಂತ ಸಂತೋಷದ ಮಧ್ಯಾಹ್ನ ಅದು. ಈ ಒಂದು ವಾಕ್ಯವನ್ನು ನಾನು ಅನುಮಾನಿಸುವುದಿಲ್ಲ.

ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದೆ. ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದವಳು ಬಗ್ಗಿದೆ. ಬಗ್ಗಿದವಳು ನೆಟ್ಟಗಾಗಲಿಲ್ಲ. ಗೋಡೆ ಹಿಡಿದು ಕೋಣೆಯ ನಡುವಿಗೆ ಬಂದು, ವ್ಯಾಯಾಮಕ್ಕೆ ಹಾಸಿದ್ದ ಚಾಪೆಯ ಮೇಲೆ ಹೇಗೋ ಅಂಗಾತ ಮಲಗಿದೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಫೋನ್ ನಡುಗಿತು, ನಿಂತಿತು. ಮತ್ತೆ ನಡುಗಿತು. ಏಳು ಎಂದು ಅದು ಹೇಳುತ್ತಲೇ ಇತ್ತು.

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನೆಯನ್ನು ನಾನು ಮರುವರ್ಷ ಬಿಟ್ಟೆ. ಸೊಸೆ ಬಸುರಿಯಾದಳು, ಅವರಿಗೇ ಮೇಲಿನ ಪೋರ್ಷನ್ ಬೇಕಾಯಿತು. ಯಾರ ತಪ್ಪೂ ಇಲ್ಲ. ಊರಿನ ಇನ್ನೊಂದು ಮೂಲೆಯಲ್ಲಿ ಮನೆ ಮಾಡಿದೆ. ಫೋನಿನಲ್ಲಿ ಕೆಲವು ಸಲ ಮಾತಾಡಿದೆವು, ಆಮೇಲೆ ಹಬ್ಬಕ್ಕೆ ಚಿತ್ರ ಕಳಿಸಿಕೊಂಡೆವು, ಆಮೇಲೆ ಅದೂ ಇಲ್ಲ. ಕಳೆದ ವಾರ ಔಷಧಿ ಅಂಗಡಿಯಿಂದ ಆ ರಸ್ತೆಗೆ ನಡೆದುಹೋದರೆ ಐದು ನಿಮಿಷ. ಹೋಗಲಿಲ್ಲ. ಈಗ ನನ್ನ ಮೇಜು ನಿಂತು ಕೆಲಸ ಮಾಡುವಂಥದ್ದು, ಬೆನ್ನು ಚೆನ್ನಾಗಿದೆ. ಗೋಡೆ ನೋಡಿಕೊಳ್ಳುತ್ತದೆ.

ಅವತ್ತು ಹನ್ನೊಂದೋ ಹನ್ನೆರಡೋ ಗಂಟೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಮೆಟ್ಟಿಲು, ಒಂದು ಉಸಿರು. ಇನ್ನೊಂದು ಮೆಟ್ಟಿಲು, ಇನ್ನೊಂದು ಉಸಿರು. ಮೇಲೆ ಹತ್ತದ ರತ್ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಏನಮ್ಮ, ಪಹರೆ ಇಲ್ಲ ಇವತ್ತು? ಬೆಳಿಗ್ಗೆಯಿಂದ ಒಂದ್ ಹೆಜ್ಜೆ ಸದ್ದಿಲ್ಲ ಅಂತ... ಅಯ್ಯೋ! ಯಾಕೆ ಬಿದ್ದಿದೀಯೆ?”

“ಬಿದ್ದಿಲ್ಲಮ್ಮ. ಮಲಗಿದೀನಿ.”

“ಮಲಗಕ್ಕೆ ಮಂಚ ಇಲ್ವಾ?”

“ಮಂಚ ಹತ್ತಕ್ಕೆ ಆಗ್ತಿಲ್ಲ. ಬೆನ್ನು. ತುಂಬಾ ದಿನದಿಂದ.”

“ತುಂಬಾ ದಿನ ಅಂದ್ರೆ?”

“ಮೊದಲನೇ ಸಲ ಕಾಫಿಗೆ ಕೆಳಗೆ ಬರೋಕ್ಕೂ ಮುಂಚಿನಿಂದ. ಅರ್ಧ ಗಂಟೆಗೊಂದ್ಸಲ ಏಳು ಅಂದಿದ್ರು. ಅದಕ್ಕೇ ಎದ್ದೇಳ್ತಿದ್ದೆ. ಹೋಗಕ್ಕಲ್ಲ.”

ರತ್ನಮ್ಮ ನನ್ನನ್ನೇ ನೋಡಿದರು. ನಿಧಾನವಾಗಿ ಅವರ ಕೈ ಹಣೆಗೆ ಹೋಯಿತು.

“ನಾನು ಕುಂಕುಮ ಕೊಟ್ಟೂ ಕೊಟ್ಟೂ ಅಟ್ಬುಟ್ನಲ್ಲೇ ನಿನ್ನ!”

ನನಗೆ ನಗು ಬಂತು. ನಕ್ಕರೆ ಸೊಂಟ ಹಿಡಿಯುತ್ತಿತ್ತು, ಅದಕ್ಕೆ ಕಣ್ಣಲ್ಲಿ ನೀರು ಬಂತು. ಆ ನೀರು ಅದಕ್ಕೇ ಬಂದದ್ದು ಎಂದು ಇಟ್ಟುಕೊಳ್ಳೋಣ.

“ಗಟ್ಟಿಮುಟ್ಟು ಅಂದಿದ್ದೆ ನೀನು.”

“ಅಂದಿದ್ದೆ.”

“ಹೇಳಿದ್ರೆ ಮನೆ ಬಿಡಿಸ್ತೀನಿ ಅಂತ ಹೆದ್ರಿದ್ಯಾ?”

ಮಲಗಿದ್ದಲ್ಲೇ ತಲೆಯಾಡಿಸಿದೆ. ಅವರು ಬಾಗಿಲು ಬಿಟ್ಟು ಒಳಗೆ ಬಂದರು. “ಅವಾಗ ಹೇಳಿದ್ರೆ ಬಿಡಿಸ್ತಿದ್ನೋ ಏನೋ” ಎಂದರು. “ಇವಾಗ ಎಂಗೆ ಬಿಡಿಸ್ಲಿ, ನೀನು ಎದ್ರೆ ತಾನೇ?”

ಮೆಟ್ಟಿಲು ಹತ್ತಿ ಅವರ ಮಂಡಿ ನಡುಗುತ್ತಿತ್ತು. ಕೂರಲು ಕೋಣೆಯಲ್ಲಿದ್ದದ್ದು ನನ್ನ ಕೆಲಸದ ಕುರ್ಚಿಯೊಂದೇ. ಅದಕ್ಕೆ ಚಕ್ರಗಳು. ಅವರು ಕೈಯಿಟ್ಟ ಕೂಡಲೇ ಅದು ಹಿಂದಕ್ಕೆ ಸರಿಯಿತು. “ಇದೆಲ್ಲಿಗ್ ಓಡ್ತದೆ?” ಎಂದು ಇನ್ನೊಮ್ಮೆ ಹಿಡಿದರು. ಅದು ಗೋಡೆಯವರೆಗೂ ಹೋಯಿತು. “ಇದರ ಮೇಲೆ ಕೂತ್ಕೊಂಡೇ ನೀನು ಇಂಗಾಗಿರದು” ಎಂದು ಬೈದು, ಮೇಜಿನ ಕಾಲು ಹಿಡಿದುಕೊಂಡು, ದೇವರನ್ನೆಲ್ಲ ಕರೆಯುತ್ತ ನೆಲಕ್ಕಿಳಿದರು. ಮಡಚಲಾಗದ ಕಾಲುಗಳನ್ನು ಮುಂದಕ್ಕೆ ಚಾಚಿದರು. ಬೆನ್ನಿಗೆ ಒರಗು ಸಿಗದೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಜಾರಿ, ಕೊನೆಗೆ “ಉಸ್ಸಪ್ಪಾ” ಎಂದು ನನ್ನ ಪಕ್ಕದಲ್ಲಿ ಅಂಗಾತ ಮಲಗಿದರು.

ಇಬ್ಬರೂ ಸೂರು ನೋಡಿದೆವು.

“ಅಲ್ಲಿ ಸೋರ್ತದಾ?”

“ಸೋರತ್ತೆ.”

“ಅದನ್ನೂ ಹೇಳ್ನಿಲ್ಲ ನೀನು.”

“ಹೇಳ್ನಿಲ್ಲ.”

“ಬಾಯಿ ಇದ್ದೂ ಏನ್ ಮಾಡ್ತೀಯೆ ದಿನಾ?”

“ಬೇರೆಯವ್ರ ಮಾತು ಬರೀತೀನಿ.”

ಅವರು ಹೂಂ ಎಂದರು. ಹೊರಗೆ ಮಳೆ ಶುರುವಾಯಿತು. ಕೆಳಗೆ ಯಜಮಾನರು ಅವರನ್ನು ಒಮ್ಮೆ ಕೂಗಿದರು. ಇವರು “ಕೂಗ್ಲಿ ಬುಡು” ಎಂದರು. ಆಮೇಲೆ ಏನೇನೋ ಮಾತಾಡಿದೆವು. ಮಲಗಿಕೊಂಡು ಆಡುವ ಮಾತು ಬೇರೆ ಥರ ಇರುತ್ತದೆ, ಎದುರಿನವರ ಮುಖ ಕಾಣುವುದಿಲ್ಲ. ಅದರಲ್ಲಿ ಒಂದು ಸಾಲನ್ನೂ ನಾನೀಗ ಬರೆಯಲಾರೆ. ಬರೆದರೆ ನಾನೇ ಕಟ್ಟಿದ್ದಾಗುತ್ತದೆ. ಅವರ ಮೊಣಕೈ ನನ್ನ ಮೊಣಕೈಗೆ ತಾಗಿತ್ತು, ತಣ್ಣಗಿತ್ತು, ಅಷ್ಟು ಗೊತ್ತು.

ತುಂಬಾ ಹೊತ್ತಾದ ಮೇಲೆ ರತ್ನಮ್ಮ ಒಂದು ಕಾಲು ಮಡಚಲು ನೋಡಿದರು. ಆಗಲಿಲ್ಲ. ಇನ್ನೊಂದನ್ನು ನೋಡಿದರು.

“ಅಲ್ಲ ಕಣೇ, ಇವಾಗ ಇಬ್ರೂ ಏಳದ್ ಎಂಗೆ?”

ನೆಲದಿಂದ ಏಳುವುದಕ್ಕೆ ಆಯಿಷಾ ಒಂದು ಕ್ರಮ ಹೇಳಿಕೊಟ್ಟಿದ್ದಳು. ಮೊದಲು ಒಂದು ಮಗ್ಗುಲಿಗೆ ಹೊರಳಬೇಕು, ಮೊಣಕೈ ಊರಬೇಕು, ಉಸಿರು ಬಿಡುತ್ತ ನಿಧಾನವಾಗಿ ಏಳಬೇಕು. ಯಾರಿಗಾದರೂ ಬರುತ್ತದೆ, ಮಂಡಿ ಸವೆದವರಿಗೂ.

“ಗೊತ್ತಿಲ್ಲಮ್ಮ” ಎಂದೆ.